ಜಂತಿಗೆ ಮುಟ್ಟದ ಗೋಡೆ

ರಾಮದುರ್ಗದಲ್ಲಿ ನಾವು ಬಾಡಿಗೆಗಿದ್ದ ವಾಡೆಯನ್ನು ಮನೆ ಎಂದು ಕರೆಯಲು ನನಗೆ ಬಹಳ ದಿನ ಬಾಯಿ ಬರಲಿಲ್ಲ. ಸಂಸ್ಥಾನದ ಕಾಲದಲ್ಲಿ ಯಾರೋ ದೊಡ್ಡ ಅಧಿಕಾರಿ ಕಟ್ಟಿಸಿದ್ದಂತೆ. ಅವರ ಮೊಮ್ಮಕ್ಕಳು ಪುಣೆಗೆ ಹೋಗಿ ನೆಲೆನಿಂತರು. ಇಲ್ಲಿಗೊಬ್ಬ ಕಾರಭಾರಿಯನ್ನು ನೇಮಿಸಿ, ಉದ್ದನೆಯ ಪಡಸಾಲೆಯನ್ನು ಇಟ್ಟಂಗಿಯ ಗೋಡೆಗಳಿಂದ ಕತ್ತರಿಸಿ ಐದು ಬಿಡಾರ ಮಾಡಿಸಿದರು. ಇಟ್ಟಂಗಿ ಸಾಲಲಿಲ್ಲವೋ, ಕಾರಭಾರಿಗೆ ಬೇಸರ ಬಂತೋ, ಗೋಡೆಗಳು ಆಳೆತ್ತರಕ್ಕಿಂತ ಒಂದು ಮೊಳ ಮೇಲೆ ಹೋಗಿ ನಿಂತುಬಿಟ್ಟಿದ್ದವು. ಅಲ್ಲಿಂದ ಜಂತಿಯವರೆಗೆ ಬರೀ ಬಯಲು. ಒಂದು ಮನೆಯ ಒಗ್ಗರಣೆಗೆ ಐದೂ ಮನೆಯವರು ಸೀನುತ್ತಿದ್ದೆವು.

ನಾನು ಸವದತ್ತಿಯ ಹುಡುಗಿ. ಹತ್ತನೆಯ ಇಯತ್ತೆಯ ಪುಸ್ತಕಗಳಿಗೆ ರಟ್ಟು ಹಾಕಿದ ವಾರದಲ್ಲೇ ಲಗ್ನ ನಿಶ್ಚಯವಾಯಿತು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಗಂಡನಿಗೆ ಎಂ.ಕೆ. ಹುಬ್ಬಳ್ಳಿಯ ಕಡೆ ಕಬ್ಬಿನ ಗಾಡಿಗಳ ಲೆಕ್ಕ ಬರೆಯುವ ನೌಕರಿ. ಹದಿನೈದು ದಿನಕ್ಕೊಮ್ಮೆ ಬಂದು ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ಆ ಒಂದೂವರೆ ಕೋಣೆಯಲ್ಲಿ ನಾನು ಮತ್ತು ಅತ್ತೆ, ಇಬ್ಬರೇ. ಅತ್ತೆ ಪುರೋಹಿತರ ಮನೆಯವರು, ಚಿಕ್ಕ ವಯಸ್ಸಿನಲ್ಲೇ ವಿಧವೆಯಾದವರು. ಹಪ್ಪಳ ಲಟ್ಟಿಸಿ ಮಗನನ್ನು ಓದಿಸಿದ್ದರು. ಅದಕ್ಕಾಗಿ ಅವರ ಮೇಲೆ ನನಗೆ ಗೌರವವಿತ್ತು. ಬೆಳಗಿನಿಂದ ಸಂಜೆಯವರೆಗೆ ಅವರ ಮಾತು ಕೇಳಿದ ಮೇಲೆ ಆ ಗೌರವವನ್ನು ಹುಡುಕಬೇಕಾಗುತ್ತಿತ್ತು, ಅಷ್ಟೇ.

ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ ನಾನು ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದೆ. ಸೆರಗಿಗೂ ಒಂದು ಮಿತಿಯಿದೆ, ದನಿ ಹೊರಗೆ ಬಿದ್ದೇ ಬಿತ್ತು. ಆ ಕೂಡಲೇ ಎಡಗಡೆಯ ಬಿಡಾರದ ಸಿಂಪಿಗ ತನ್ನ ಹೊಲಿಗೆ ಮಷಿನ್ನನ್ನು ಜೋರಾಗಿ ತುಳಿಯಲು ಹತ್ತಿದ. ಕಾಲು ಗಂಟೆ ತುಳಿದ. ಮರುದಿನ ಅವನ ಹೆಂಡತಿ ಬಾವಿಕಟ್ಟೆಯ ಮೇಲೆ ತಾನಾಗಿಯೇ ಹೇಳಿದಳು, "ನಿನ್ನೆ ಅರಿಬಿನ ಇರಲಿಲ್ರಿ ಮಷಿನ್ಯಾಗ. ಸುಮ್ಮ ತುಳದ್ರು." ಆ ವಾಡೆಯ ರೀತಿ ನನಗೆ ಅವತ್ತು ತಿಳಿಯಿತು. ಗೋಡೆಯ ಮೇಲಿಂದ ಏನೇ ಬಂದರೂ ಯಾರೂ ಕೇಳಿಸಿಕೊಂಡಿಲ್ಲ. ಗಂಡ ಹೆಂಡತಿಯ ಜಗಳ, ಮುದುಕರ ಕೆಮ್ಮು, ಹಸಿದ ಮಕ್ಕಳ ಹಟ, ಎಲ್ಲವೂ ಐದೂ ಮನೆಗೆ ಗೊತ್ತು, ಯಾರ ಬಾಯಲ್ಲೂ ಇಲ್ಲ. ನೀರಿನ ಸರದಿಗಾಗಿ ಕೊಡ ಎತ್ತಿ ಬಡಿದಾಡುತ್ತಿದ್ದ ಹೆಂಗಸರು ಕೂಡ ಆ ಸಿಟ್ಟಿನಲ್ಲಿ ಗೋಡೆಯ ಮೇಲಿನ ಮಾತನ್ನು ಎತ್ತುತ್ತಿರಲಿಲ್ಲ. ಇಷ್ಟು ದೊಡ್ಡ ಮನಸ್ಸು ನಾನು ಮುಂದೆ ಗಟ್ಟಿ ಗೋಡೆಯ ಮನೆಗಳಲ್ಲಿ ಕಂಡದ್ದು ಕಡಿಮೆ.

ಬಲಗಡೆಯ ಬಿಡಾರ ಆರು ತಿಂಗಳು ಖಾಲಿಯಿತ್ತು. ಆಮೇಲೆ ಹೆಣ್ಣುಮಕ್ಕಳ ಸಾಲೆಗೆ ವರ್ಗವಾಗಿ ಬಂದ ಒಬ್ಬ ಅಕ್ಕೋರು, ನಮ್ಮ ಕಡೆ ಟೀಚರನ್ನು ಕರೆಯುವುದು ಹಾಗೆ, ತಂಗಿಯನ್ನು ಕರೆದುಕೊಂಡು ಅಲ್ಲಿ ಬಿಡಾರ ಹೂಡಿದರು. ಅವರ ತಂದೆಯ ಕಾಲಕ್ಕೆ ಬೌದ್ಧರಾದ ಮನೆತನ. ಅದು ಗೊತ್ತಾದ ದಿನ ಅತ್ತೆ ನಮ್ಮ ಬಟ್ಟೆ ಒಣಗಿಸುವ ಹಗ್ಗವನ್ನು ಬಿಚ್ಚಿ ಬೇರೆ ಕಡೆ ಕಟ್ಟಿದರು. ಬಾವಿಯಿಂದ ನಸುಕಿನಲ್ಲೇ, ಅಕ್ಕೋರು ಏಳುವ ಮೊದಲು, ನೀರು ಸೇದುವುದು ಶುರುವಾಯಿತು. ಅಕ್ಕೋರು ಬಂದಾಗ ನಾವಿನ್ನೂ ಅಲ್ಲೇ ಇದ್ದರೆ, ನಮ್ಮ ಕೊಡಗಳು ಹೋಗುವವರೆಗೆ ನೆಟ್ಟಗೆ ನಿಂತಿದ್ದು, ಆಮೇಲೆ ಹಗ್ಗ ಹಿಡಿಯುತ್ತಿದ್ದರು. ನಾನೂ ಅವರ ಮುಖ ನೋಡುತ್ತಿರಲಿಲ್ಲ. ಅತ್ತೆಯ ಭಯ ಎಂದು ಈಗ ಹೇಳಬಹುದು. ಬರೀ ಭಯವಾಗಿರಲಿಲ್ಲ, ನಾನು ಬೆಳೆದ ಮನೆಯೂ ಅಂಥದ್ದೇ.

ಅವರ ತಂಗಿ ಹತ್ತನೆಯ ಇಯತ್ತೆ. ದಿನಾ ಸಂಜೆ ಐದೂವರೆಗೆ ಅಕ್ಕ ತಂಗಿಗೆ ಪಾಠ ಹೇಳುತ್ತಿದ್ದರು. ಅದೇ ಹೊತ್ತಿಗೆ ಅತ್ತೆ ಪುರಾಣ ಕೇಳಲು ಗುಡಿಗೆ ಹೋಗುತ್ತಿದ್ದರು. ಮೊದಲ ದಿನ ಕುದುರೆಯ ಲಾಳ, ಅಯಸ್ಕಾಂತ ಎಂದೇನೋ ಕೇಳಿ ನನ್ನ ಕೈಯಲ್ಲಿದ್ದ ಮೆಂತ್ಯದ ಸಿವುಡು ಹಾಗೇ ಉಳಿಯಿತು. ಅದು ನಾನು ಓದಬೇಕಾಗಿದ್ದ ಪಾಠ. ಮರುದಿನದಿಂದ ಗೋಡೆಯ ಬುಡದಲ್ಲಿ ಕುಳಿತೆ. ಒಡೆದ ಪಾಟಿಯೊಂದನ್ನು, ತುಂಡು ಬಳಪವನ್ನು ಸಿಂಪಿಗನ ಹೆಂಡತಿಯಿಂದ ಇಸಿದುಕೊಂಡೆ. ಯಾಕೆ ಎಂದು ಆಕೆ ಕೇಳಲಿಲ್ಲ. ನನಗೆ ಮ್ಯಾಟ್ರಿಕ್ ಪಾಸಾಗಬೇಕಿತ್ತು. ಹಪ್ಪಳ ಲಟ್ಟಿಸಿ ಬಾಳುವುದನ್ನು ಕಣ್ಣೆದುರು ನೋಡುತ್ತಿದ್ದೆ. ಅದು ನನ್ನ ಪಾಲಿಗೂ ಬರಬಾರದು ಎಂಬ ಒಂದೇ ಹಟ ಹಿಡಿದಿದ್ದೆ.

ಕದ್ದು ಕಲಿಯುವವಳಿಗೆ ಬಾಯಿ ಬಿಗಿ ಇರಬೇಕು, ನನಗೆ ಇರಲಿಲ್ಲ. ಒಂದು ಸಂಜೆ ಅಕ್ಕೋರು ತಂಗಿಯನ್ನು ಕೇಳಿದರು, "ಒಂದ ಸಂಖ್ಯೆದ ಮೂರು ಪಟ್ಟಿಗೆ ಆರು ಕೂಡಿಸಿದ್ರ ಮೂವತ್ತೊಂಬತ್ತು. ಆ ಸಂಖ್ಯಾ ಎಷ್ಟು?" ತಂಗಿ ಗುಣುಗುಣು ಎಣಿಸತೊಡಗಿದಳು. ನನಗೆ ತಡೆಯಲಿಲ್ಲ. "ಹದಿನೈದು!" ಎಂದು ಕೂಗಿಬಿಟ್ಟೆ.

ಕೂಡಲೇ ಪಾಟಿಯನ್ನು ಸೆರಗಿನಡಿ ಮುಚ್ಚಿಕೊಂಡೆ. ನನ್ನ ಕಿವಿ ಕಾದು ಕೆಂಪಾಯಿತು. ಆಮೇಲೆ ಅಕ್ಕೋರ ದನಿ, ಯಾವತ್ತಿನ ಹಾಗೆಯೇ ಸಮಾಧಾನವಾಗಿ, ತಂಗಿಗೆ ಹೇಳುವಂತೆ ಬಂತು. "ಕೆಲವರು ಹದಿನೈದು ಅಂತಾರ. ತಪ್ಪು. ಆರು ಈ ಕಡಿಂದ ಆ ಕಡಿಗೆ ಹ್ವಾದ ಕೂಡ್ಲೆ ಕೂಡೋದು ಕಳಿಯೋದು ಆಗತೈತಿ. ಮತ್ತೊಮ್ಮೆ ಮಾಡಿ ನೋಡು." ಮಾಡಿ ನೋಡಿದೆ. ಹನ್ನೊಂದು ಬಂತು. ಈ ಸಲ ಬಾಯಿ ಮುಚ್ಚಿಕೊಂಡಿದ್ದೆ. ಮರುದಿನದಿಂದ ಆ ದನಿ ಸ್ವಲ್ಪ ನಿಧಾನವಾಯಿತು, ಸ್ವಲ್ಪ ಎತ್ತರವಾಯಿತು.

ತಂಗಿ ಪರೀಕ್ಷೆ ಬರೆದಳು, ಪಾಸಾದಳು. ಮಳೆಗಾಲ ಹಿಡಿಯುವ ಮುಂಚೆ ನರ್ಸಿಂಗ್ ಕಲಿಯಲು ಧಾರವಾಡಕ್ಕೆ ಹೊರಟಳು. ಟ್ರಂಕು ಹೊತ್ತುಕೊಂಡು ಅಕ್ಕ ತಂಗಿ ಬಸ್ ಸ್ಟ್ಯಾಂಡಿನ ಕಡೆ ಹೋದದ್ದನ್ನು ನಾನು ಬಾವಿಕಟ್ಟೆಯಿಂದ ನೋಡಿದೆ, ಅಕ್ಕೋರು ಒಬ್ಬರೇ ತಿರುಗಿ ಬಂದದ್ದನ್ನೂ ನೋಡಿದೆ. ಅವತ್ತು ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಆ ಹುಡುಗಿ ಹೋದದ್ದಕ್ಕಲ್ಲ, ನನ್ನ ಸಾಲೆ ಮುಚ್ಚಿತಲ್ಲ ಎಂದು.

ಮರುದಿನ ಐದೂವರೆಗೆ ಗೋಡೆಯ ಮೇಲಿಂದ ದನಿ ಬಂತು. "ಮೊದಲನೇ ಪಾಠದಿಂದ ಸುರು ಮಾಡೂಣು. ಹ್ವಾದ ವರ್ಷ ನಡಕ ಸೇರಿದವರಿಗೆ ಇದು ಗೊತ್ತಿಲ್ಲ."

ಆ ಕೋಣೆಯಲ್ಲಿ ಅವರನ್ನು ಬಿಟ್ಟು ಒಂದು ನರಪಿಳ್ಳೆಯೂ ಇರಲಿಲ್ಲ. ಇಡೀ ದಿನ ಸಾಲೆಯಲ್ಲಿ ಗಂಟಲು ಹರಿದುಕೊಂಡು ಬಂದ ಆ ಹೆಣ್ಣುಮಗಳು ಖಾಲಿ ಕೋಣೆಗೆ ಪಾಠ ಹೇಳುತ್ತಿದ್ದರು, ಬಾವಿಕಟ್ಟೆಯಲ್ಲಿ ಮುಖ ತಿರುಗಿಸುವವಳಿಗಾಗಿ. ನಾನು ಪಾಟಿಯ ಮೇಲೆ ಬರೆದೆ, ಕಣ್ಣೀರು ಬಿದ್ದು ಅಳಿಸಿದ್ದನ್ನು ಮತ್ತೆ ಬರೆದೆ. ಒಂದು ಸಂಗತಿ ಆಗ ಗಮನಕ್ಕೆ ಬಂತು. ಐದೂವರೆಯಿಂದ ಆರೂವರೆಯವರೆಗೆ ಸಿಂಪಿಗನ ಮಷಿನ್ನು ನಿಂತಿರುತ್ತಿತ್ತು. ಗಿರಾಕಿ ಬಂದರೆ "ಸೂಜಿ ಮುರದೈತ್ರಿ, ಆಮ್ಯಾಲೆ ಬರ್ರಿ" ಎನ್ನುತ್ತಿದ್ದ. ದಿನಾ ಅದೇ ಹೊತ್ತಿಗೆ ಸೂಜಿ ಹೇಗೆ ಮುರಿದೀತು? ಆಚೆ ತುದಿಯ ಬಸ್ ಕಂಡಕ್ಟರನ ಹೆಂಡತಿ ಖಾರ ಕುಟ್ಟುವುದನ್ನು ಮಧ್ಯಾಹ್ನಕ್ಕೇ ಮುಗಿಸುತ್ತಿದ್ದಳು. ವಾಡೆಗೆ ವಾಡೆಯೇ ಕೇಳುತ್ತಿತ್ತು, ಯಾರೂ ಕೇಳಿಸಿಕೊಂಡಿರಲಿಲ್ಲ.

ದಸರೆ ಕಳೆದ ಮೇಲೆ ಒಂದು ದಿನ ಪುರಾಣದವರಿಗೆ ಜ್ವರ ಬಂದು ಅತ್ತೆ ಬೇಗ ಮನೆಗೆ ಬಂದರು. ಗೋಡೆಯ ಬುಡದಲ್ಲಿ ನಾನು, ಮಡಿಲಲ್ಲಿ ಪಾಟಿ, ಮೇಲಿಂದ ಇಂಗ್ಲಿಷ್ ಪದ್ಯ.

"ಏನ ನಡಸೀಯ ಇಲ್ಲೆ?" ಎಂದರು ಅತ್ತೆ.

"ಮ್ಯಾಟ್ರಿಕ್ ಕಟ್ಟತೇನ್ರಿ ಅತ್ಯಾ," ಎಂದೆ. ಸುಳ್ಳು ಹೇಳಲು ಬೇಕಾದ ತಾಳ್ಮೆ ನನಗೆ ಯಾವಾಗಲೂ ಕಡಿಮೆ.

"ವೇದಾ ಓದಿದವರ ಮನಿ ಇದು. ಪಾಠ ಬೇಕಾದ್ರ ಆ ಮನಿಯಿಂದ ತಗೋಬೇಕೇನ?" ಎಂದರು. ನನ್ನ ಗಂಡ ಬಂದಾಗ, ಪರೀಕ್ಷೆ ಕಟ್ಟಲೇ ಎಂದು ಕೇಳಿದೆ. "ಅವ್ವ ಏನಂತಾಳೋ ನೋಡು," ಎಂದು ಚಾದ ಬಟ್ಟಲಲ್ಲಿ ಮುಖ ಇಟ್ಟರು. ಅತ್ತೆ ಗುಡಿಗೆ ಹೋಗುವುದನ್ನು ಬಿಟ್ಟು ಸಂಜೆ ಮನೆಯಲ್ಲೇ ಕಾವಲು ಕೂತರು. ಕಾರಭಾರಿಯನ್ನು ಕರೆಸಿ, "ಆ ಮನಿ ಘಾಟು ನಮ್ಮ ದೇವರ ಮ್ಯಾಲೆ ಬರತದ, ಈ ಗ್ವಾಡಿ ಜಂತಿತನಾ ಏರಸ್ರಿ," ಎಂದು ಬೆನ್ನು ಹತ್ತಿದರು. ವಾರದಲ್ಲಿ ಅಂಗಳಕ್ಕೆ ಇಟ್ಟಂಗಿ ಬಂದು ಬಿದ್ದವು. ಗೋಡೆ ಕಟ್ಟುವ ಗೌಂಡಿ ನಾಳೆ ಬರುತ್ತಾನೆ ಎಂದು ಕಾರಭಾರಿ ಹೇಳಿಹೋದ.

ಆ ಸಂಜೆ ಅತ್ತೆ ಅಕ್ಕಿ ಕೇರುತ್ತಿದ್ದರು. ಐದೂವರೆಗೆ ಸರಿಯಾಗಿ ಅಕ್ಕೋರ ದನಿ ಬಂತು. ಪಾಠವಲ್ಲ. "ಹೊರಗಿನಿಂದ ಪರೀಕ್ಷಾ ಕಟ್ಟೋರು ಅರ್ಜಿ ಕೊಡಾಕ ನಾಳೆ ಕಡೀ ದಿನ. ಸಾಲಿ ಬಿಟ್ಟ ದಾಖಲೆ ಬೇಕು, ಸಹಿ ಬೇಕು. ಸಹಿ ಗ್ವಾಡಿ ಮ್ಯಾಲಿಂದ ಮಾಡಾಕ ಬರಂಗಿಲ್ಲ."

ಅತ್ತೆಯ ಮೊರ ನಿಲ್ಲಲಿಲ್ಲ. ಅವರು ನನ್ನನ್ನೇ ನೋಡುತ್ತಿದ್ದರು. ನಾನು ಎದ್ದು ಟ್ರಂಕಿನ ತಳದಿಂದ ದಾಖಲೆ ತೆಗೆದು, ಅವರ ಮುಂದೆಯೇ ಹಾಯ್ದು ಹೊರಗೆ ಬಂದೆ.

ಅಕ್ಕೋರ ಬಾಗಿಲು ತೆರೆದೇ ಇತ್ತು. ಹೊಸ್ತಿಲ ಆಚೆ ನಿಂತ ನನ್ನನ್ನು ಅವರು ಕಾಲಿನಿಂದ ತಲೆಯವರೆಗೆ ನೋಡಿದರು.

"ಒಳಗ ಬರ್ರಿ ಅಂತ ನಾ ಕರಿಯಂಗಿಲ್ರಿ. ಬರೋದು ನಿಮಗ ಬಿಟ್ಟದ್ದು," ಎಂದರು.

ಒಳಗೆ ಹೋದೆ. ಗೋಡೆಗೆ ಬುದ್ಧನ ಪಟ, ಅದರ ಕೆಳಗೆ ಒಂದು ಮೇಜು. ಒಂದೇ ಕುರ್ಚಿ, ಅದು ನಮ್ಮ ಗೋಡೆಗೆ ಮುಖ ಮಾಡಿ ಇತ್ತು. ಅಲ್ಲಿ ಕುಳಿತು ಅವರು ದಿನಾ ಇಟ್ಟಂಗಿಗಳಿಗೆ ಪಾಠ ಹೇಳಿದ್ದರು.

"ಅಕ್ಕೋರ, ತಪ್ಪಾತ್ರಿ," ಎಂದೆ.

"ಯಾವುದು?"

"ಬಾವಿಕಟ್ಟಿ ಮ್ಯಾಲೆ ನಿಮ್ಮನ್ನ ನೋಡಿ ಮಾರಿ ತಿರುವಿದ್ದು."

"ಅದು ತಪ್ಪ ಹೌದು," ಎಂದರು. ಸಮಾಧಾನದ ಮಾತು ಒಂದನ್ನೂ ಸೇರಿಸಲಿಲ್ಲ. ಮೇಜಿನ ಮೇಲಿಂದ ಅರ್ಜಿಯನ್ನು ನನ್ನ ಕಡೆ ಸರಿಸಿದರು. ದುಂಡು ಅಕ್ಷರಗಳಲ್ಲಿ ಎಲ್ಲವೂ ತುಂಬಿತ್ತು, ಮೊದಲನೆಯ ಸಾಲೊಂದು ಖಾಲಿ.

"ನಿಮ್ಮೂರು ಸವದತ್ತಿ ಅಂತ ಗೊತ್ತು. ಅಪ್ಪಾರ ಹೆಸರು ಗೊತ್ತು. ಹುಟ್ಟಿದ ತಿಂಗಳು, ಬಿಟ್ಟ ಸಾಲಿ, ಎಲ್ಲಾ ಗ್ವಾಡಿ ಮ್ಯಾಲಿಂದ ಬಂತು. ನಿಮ್ಮ ಹೆಸರಷ್ಟ ಬರಲಿಲ್ಲ. ಒಂದೂವರಿ ವರ್ಷದಾಗ ಆ ಮನ್ಯಾಗ ಯಾರೂ ಒಮ್ಮಿನೂ ಕರಿಲಿಲ್ಲ ನೋಡ್ರಿ."

ಅತ್ತೆ ನನ್ನನ್ನು 'ಏ ಹುಡುಗಿ' ಎನ್ನುತ್ತಿದ್ದರು, ಗಂಡ 'ಕೇಳಸ್ತೇನು' ಎನ್ನುತ್ತಿದ್ದರು. ಲಗ್ನದ ದಿನ ತಟ್ಟೆಯಲ್ಲಿ ಅಕ್ಕಿ ಹರವಿ, ಉಂಗುರದಿಂದ ಅದರಲ್ಲಿ ನನಗೊಂದು ಹೊಸ ಹೆಸರು ಬರೆದಿದ್ದರು, ನಮ್ಮಲ್ಲಿ ಹಾಗೆ ಪದ್ಧತಿ. ಆ ಹೊಸ ಹೆಸರಿನಿಂದಲೂ ಯಾರೂ ಕರೆದಿರಲಿಲ್ಲ. ಹಳೆಯದು ಸವದತ್ತಿಯಲ್ಲೇ ಉಳಿದಿತ್ತು. ಇದೆಲ್ಲ ನನಗೆ ಅದುವರೆಗೆ ಹೊಳೆದೇ ಇರಲಿಲ್ಲ, ಪಕ್ಕದ ಮನೆಯವರಿಗೆ ಹೊಳೆದಿತ್ತು.

"ಯಾವ ಹೆಸರ ಹೇಳ್ಲಿರಿ? ತವರಮನೀದೋ, ಇಲ್ಲೀದೋ?" ಎಂದು ಕೇಳಿದೆ.

"ದಾಖಲೆದಾಗ ಇದ್ದದ್ದು. ನೀವ ಓದಿ ಹೇಳ್ರಿ, ನಾ ಬರಕೋತೇನಿ."

ಮಡಿಕೆ ಬಿಚ್ಚಿದೆ. ಅಪ್ಪ ಇಟ್ಟ ಹೆಸರು, ಹೆಡ್‌ಮಾಸ್ತರರ ನೀಲಿ ಶಾಯಿಯಲ್ಲಿ. ಮೊದಲು ಬೆರಳಿಟ್ಟು ಮನಸ್ಸಿನಲ್ಲೇ ಓದಿಕೊಂಡೆ. ಅಕ್ಕೋರು ಪೆನ್ನು ಹಿಡಿದು ಕಾಯ್ದರು. ಆಮೇಲೆ ಓದಿದೆ, ಸಾಲೆಯಲ್ಲಿ ಹಾಜರಿ ಕರೆದಾಗ ಓಗೊಡುವಷ್ಟು ಗಟ್ಟಿಯಾಗಿ. ನನ್ನ ಹೆಸರು ಜಂತಿಯ ಕೆಳಗೆ ಐದೂ ಮನೆಗಳ ಮೇಲೆ ಹೋಯಿತು. ನಮ್ಮ ಮನೆಯಲ್ಲಿ ಮೊರದ ಸಪ್ಪಳ ನಿಂತಿತು.

"ಇಲ್ಲೆ ಸಹಿ ಮಾಡ್ರಿ," ಎಂದರು ಅಕ್ಕೋರು. ಮಾಡಿದೆ.

ಮಾರ್ಚಿನಲ್ಲಿ ಪರೀಕ್ಷೆ ಬರೆದೆ, ಗಣಿತದಲ್ಲಿ ಕೂದಲೆಳೆಯಲ್ಲಿ ಪಾರಾಗಿ ಪಾಸಾದೆ, ಮುಂದೆ ನಾನೂ ಅಕ್ಕೋರು ಎನ್ನಿಸಿಕೊಂಡೆ. ಅದು ಆಮೇಲಿನ ಮಾತು. ಸಹಿ ಮಾಡಿದ ಮರುದಿನ ಗೌಂಡಿ ಬಂದ. ಸಂಜೆಯ ಹೊತ್ತಿಗೆ ಗೋಡೆ ಜಂತಿಗೆ ಮುಟ್ಟಿತು. ಅತ್ತೆ ಹಸಿ ಗಾರೆಯನ್ನು ನೋಡುತ್ತಾ ಕೂತಿದ್ದರು. ಐದೂವರೆ ಆಯಿತು, ಬಲಗಡೆಯಿಂದ ಒಂದು ಸಪ್ಪಳವೂ ಬರಲಿಲ್ಲ. ನಾನು ಪಾಟಿ ತೆಗೆದುಕೊಂಡು ಎದ್ದೆ.

"ಎಲ್ಲಿಗೆ?" ಎಂದರು ಅತ್ತೆ.

"ಸಾಲಿಗ್ರಿ ಅತ್ಯಾ," ಎಂದು ಹೇಳಿ ಹೊರಬಿದ್ದೆ. ನಮ್ಮ ಬಾಗಿಲಿನಿಂದ ಅವರ ಬಾಗಿಲಿಗೆ ಹನ್ನೆರಡು ಹೆಜ್ಜೆ.