ಭರಣಿಯ ಒಳಮೈ

ಮೊದಲ ದಿನವೇ ಹುಳ ಸಿಕ್ಕಿತು. ಮರ ಕಡೆಯುವ ಲೇತಿನಲ್ಲಿ ಗಿರ್ರನೆ ತಿರುಗುತ್ತಿದ್ದ ಮಾವಿನ ಹಸಿಮರದ ತುಂಡಿನೊಳಗೆ ಉಳಿ ಇಳಿಸಿದ್ದೆ. ಏನೋ ಮೆತ್ತಗೆ ತಗುಲಿದಂತಾಯಿತು. ಮರುಕ್ಷಣ ಹಾಲಿನಂಥದ್ದೇನೋ ನನ್ನ ಕನ್ನಡಕಕ್ಕೆ ಸಿಡಿಯಿತು. ಮರ ಕೊರೆಯುವ ಹುಳ, ಕಿರುಬೆರಳಿನಷ್ಟು ದಪ್ಪ, ಎರಡು ಹೋಳಾಗಿತ್ತು. ಲೇತು ನಿಲ್ಲಿಸಿ ಬಚ್ಚಲಿಗೆ ಓಡಿದೆ. ಮೂರು ಸಲ ಮುಖ ತೊಳೆದರೂ ಆ ಹಸಿಮರದ ವಾಸನೆ, ಹುಳಿ ಮೀರಿದ ದೋಸೆ ಹಿಟ್ಟಿನಂಥ ವಾಸನೆ, ಮೂಗು ಬಿಟ್ಟು ಹೋಗಲಿಲ್ಲ.

ಭರಣಿ ಕಡೆಯುವ ಈ ಕೆಲಸಕ್ಕೆ ಕೈ ಹಾಕಿದ್ದು ಅತ್ತೆಯವರಿಗಾಗಿ. ಕುಂಕುಮಕ್ಕಿದ್ದ ಅವರ ಹಳೆಯ ಮರದ ಭರಣಿ ಸೀಳಿಹೋಗಿತ್ತು. ಕಣ್ಣು ಮಂಜಾದ ಮೇಲೆ ಅವರು ಎಲ್ಲವನ್ನೂ ಬೆರಳಿನಿಂದಲೇ ನೋಡುವವರು. ಸದ್ಯಕ್ಕಿರಲಿ ಎಂದು ಖಾಲಿ ಮಾತ್ರೆ ಡಬ್ಬಿಯಲ್ಲಿ ಕುಂಕುಮ ತುಂಬಿಕೊಟ್ಟಿದ್ದೆ. ದಿನಾ ಬೆಳಿಗ್ಗೆ ಅದರ ಮುಚ್ಚಳ ತೆಗೆದಾಗ ಮುಖ ಸಿಂಡರಿಸುತ್ತಿದ್ದರು.

"ದೇವ್ರ ಮುಂದೆ ಕೂತ್ರೂ ಆಸ್ಪತ್ರೆ ವಾಸ್ನೆ ಬರ್ತೈತೆ ಕಣಮ್ಮ. ಒಂದು ಮರದ್ದು ಸಿಗಾಕಿಲ್ವಾ?"

ಹೊಸಕೋಟೆ ಪೇಟೆಯಲ್ಲಿ ಸಿಕ್ಕವೆಲ್ಲ ಅಗಲ ಬಾಯಿಯವು, ಕೈ ತಗುಲಿದರೆ ಚೆಲ್ಲುವಂಥವು.

ಲೇತು ನಮ್ಮವರದು. ಪಿಲ್ಲಗುಂಪೆಯ ಕಾರ್ಖಾನೆಯೊಂದರಲ್ಲಿ ಟೂಲ್‌ರೂಮಿನ ಕೆಲಸ ಅವರಿಗೆ. ಹವ್ಯಾಸಕ್ಕೆಂದು ತಂದು, ಹಳೆಯ ಕೊಟ್ಟಿಗೆಯಲ್ಲಿಟ್ಟು, ಎರಡು ಲಟ್ಟಣಿಗೆ ಮಾಡಿ ಮರೆತಿದ್ದರು. ನಾನು ಅವರಿಂದಲೇ ಕಲಿತೆ. ಹೊರಮೈ ಬೇಗ ಬಂತು. ಕಷ್ಟವೆಲ್ಲ ಒಳಗೆ. ಭರಣಿಗೆ ಬಾಯಿ ಕಿರಿದು, ಹೊಟ್ಟೆ ಅಗಲ. ನೇರ ಉಳಿ ತಳ ಮುಟ್ಟುತ್ತದೆ, ಹೆಗಲಿನ ಅಡಿಗೆ ಹೋಗುವುದಿಲ್ಲ; ಅಲ್ಲಿಗೆ ಕತ್ತು ಬಾಗಿದ ಉಳಿಯೇ ಬೇಕು. ನಮ್ಮವರು ಆನ್‌ಲೈನಿನಲ್ಲಿ ಒಂದು ತರಿಸಿದರು. ಪೆಟ್ಟಿಗೆಗೆ ವೆಲ್ವೆಟ್ಟಿನ ಹಾಸು, ಉಳಿಯ ತುದಿಯಲ್ಲಿ ಪುಟ್ಟ ಚೌಕದ ಬ್ಲೇಡು. ಹೊಳಪು ನೋಡಿ ಮೋಸಹೋದೆ.

ಉಳಿ ಊರಿ ಹಿಡಿಯಲು ಲೇತಿಗಿರುವ ಆನಿಕೆಯ ಮೇಲೆ ಬಾಗಿದ ಭಾಗವನ್ನೇ ಇಟ್ಟೆ, ಉಳಿ ಕೈಯಲ್ಲೇ ಮಗುಚಿ ಹೆಬ್ಬೆರಳು ತರಚಿತು. ಆನಿಕೆಯ ಮೇಲೆ ಕೂರಬೇಕಾದದ್ದು ನೇರವಾದ ಭಾಗವೆಂದು ಆಮೇಲೆ ತಿಳಿಯಿತು. ಸರಿಯಾಗಿ ಹಿಡಿದರೂ ಅದು ಮರವನ್ನು ಕತ್ತರಿಸಲಿಲ್ಲ, ಕಿತ್ತಿತು. ಮುಗಿಸಿ ಒಳಗೆ ಬೆರಳಿಟ್ಟೆ. ಥೂ! ಒದ್ದೆ ಬೆಕ್ಕಿನ ಬೆನ್ನು ಸವರಿದಂತೆ, ನಾರು ನಾರು.

"ಒಳಗೆ ಯಾರ್ ನೋಡ್ತಾರೆ ಬಿಡೇ," ಅಂದರು ನಮ್ಮವರು. "ಮರಕ್ಕೆ ಹಚ್ಚೋ ಪುಟ್ಟಿ ಮೆತ್ತಿಬಿಡು. ಅಂಗಡೀಲಿರೋವೂ ಹಂಗೇ."

"ನಿಮ್ಮ ಫ್ಯಾಕ್ಟ್ರೀಲೂ ಹಂಗೇನಾರೀ?"

"ಅಲ್ಲಿ ಇನ್‌ಸ್ಪೆಕ್ಷನ್ ಇರ್ತದಲ್ಲೇ!"

ನಾನು ಓದಿದ ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸಿದ ಸಿಸ್ಟರ್ ನಮ್ಮ ಕರವಸ್ತ್ರಗಳನ್ನು ಮಗುಚಿ, ಹಿಂಬದಿಯ ಗಂಟುಗಳನ್ನು ನೋಡಿದ ಮೇಲೆಯೇ ಹೂವು ನೋಡುತ್ತಿದ್ದರು. ಅದು ನೆನಪಿದ್ದೂ ಪುಟ್ಟಿ ಮೆತ್ತಿದೆ. ಹೊರಗೆ ಅರಗು ಹಚ್ಚಿ ಮಿರಮಿರ ಮಿಂಚಿಸಿ ಅತ್ತೆಯವರ ಕೈಗಿಟ್ಟೆ. ಅವರು ಹೊರಮೈ ಸವರಲೇ ಇಲ್ಲ. ಸೀದಾ ಒಳಗೆ ಬೆರಳು ಬಿಟ್ಟು ಒಂದು ಸುತ್ತು ತಿರುಗಿಸಿ, ಹೊರಗೆಳೆದು ಸೆರಗಿಗೆ ಒರೆಸಿಕೊಂಡರು.

"ಇದೇನಮ್ಮ, ಮುಸುರೆ ಪಾತ್ರೆಗೆ ಕೈ ಬಿಟ್ಟಂಗೈತಲ್ಲ!"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮರುದಿನ ತೆಂಗಿನಕಾಯಿ ತುರಿಯುವಾಗ ಕೈ ನಿಂತಿತು. ತುರಿಮಣೆಯ ತಲೆ ಗುಂಡಗಿದೆ. ಮೂಲೆಯಿಲ್ಲ, ಆದ್ದರಿಂದ ಚಿಪ್ಪಿನ ಹೊಟ್ಟೆಗೆ ಎಲ್ಲೂ ಕಚ್ಚುವುದಿಲ್ಲ. ಅಂಥದ್ದೇ ತುದಿ ಬೇಕೆಂದು ಹಟ ಹಿಡಿದೆ. ನಮ್ಮವರು ಹಳೆಯ ಉಕ್ಕಿನ ಸರಳೊಂದನ್ನು ಕಾಯಿಸಿ ಕೊಕ್ಕೆಯಂತೆ ಬಾಗಿಸಿ, ತುದಿಯನ್ನು ಗುಂಡಗೆ ಸಾಣೆ ಹಿಡಿದುಕೊಟ್ಟರು. ಒಣಗಿದ ತುಂಡು ಆರಿಸಿ, ಹುಳದ ತೂತಿದೆಯೇ ಎಂದು ಸುತ್ತಲೂ ನೋಡಿದೆ. ಈ ಸಲ ತಳದ ನಡುವಿನಿಂದ ಶುರುಮಾಡಿ ಅಂಚಿನ ಕಡೆಗೆ ಎಳೆದೆ, ಆಗಾಗ ಲೇತು ನಿಲ್ಲಿಸಿ ಒಳಗಿನ ಮರದ ಹೊಟ್ಟು ಕೆರೆದು ತೆಗೆದೆ. ಭರಣಿಯ ಗೋಡೆ ತೆಳುವಾದಂತೆ ಲೇತಿನ ಸದ್ದೂ ಕೀರಲಾಯಿತು. ಅಲ್ಲಿಗೆ ನಿಲ್ಲಿಸಿದೆ.

ಅತ್ತೆಯವರ ಬೆರಳು ಎರಡು ಸುತ್ತು ತಿರುಗಿತು. ಮಾತ್ರೆ ಡಬ್ಬಿಯಿಂದ ಕುಂಕುಮವನ್ನು ತಾವೇ ಭರಣಿಗೆ ಸುರಿದುಕೊಂಡರು, ಒಂದು ಚಿಟಿಕೆಯೂ ಚೆಲ್ಲಲಿಲ್ಲ. ಆಮೇಲೆ ಡಬ್ಬಿಯನ್ನು ಎರಡೇ ಬೆರಳಲ್ಲಿ ಹಿಡಿದು ನನ್ನತ್ತ ಚಾಚಿದರು.

"ಈ ದರಿದ್ರದ್ದನ್ನ ತಗೊಂಡೋಗಿ ತಿಪ್ಪೆಗಾಕು."

ಪುಟ್ಟಿಯ ಭರಣಿಯಲ್ಲಿ ಈಗ ನಮ್ಮವರ ಸ್ಕ್ರೂಗಳಿವೆ. ಡಬ್ಬಿಯನ್ನು ಎಸೆಯುವ ಮುನ್ನ ಒಮ್ಮೆ ಮೂಸಿದೆ. ಅದೇ ಆಸ್ಪತ್ರೆ ವಾಸನೆ; ತಟ್ಟನೆ ಮೂಗಿನಿಂದ ದೂರ ಹಿಡಿದೆ. ಐದು ತಿಂಗಳು ದಿನಾ ಬೆಳಿಗ್ಗೆ ಅದನ್ನು ಅವರ ಕೈಗೆ ಕೊಡುತ್ತಿದ್ದವಳು ನಾನೇ.