ಕಿವಿಯಲ್ಲಿ ಹೆಸರು ಹೇಳುವ ಕೆಲಸ

ಆ ವರ್ಷ ಗಲ್ಫ್‌ನ ನಮ್ಮ ಕನ್ನಡ ಬಳಗದ ಅಧ್ಯಕ್ಷ ಸ್ಥಾನಕ್ಕೆ ಇಬ್ಬರು ನಿಂತಿದ್ದರು. ಒಬ್ಬರು ಡಾಕ್ಟರು. ಇನ್ನೊಬ್ಬರು ನೈಫ್ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಉಡುಪಿ ಕಡೆಯ ವ್ಯಾಪಾರಿ. ಈ ವ್ಯಾಪಾರಿ ಒಂದು ಶನಿವಾರ ಸಂಜೆ ಮಿಠಾಯಿ ಡಬ್ಬ ಹಿಡಿದು ಸಿಲಿಕಾನ್ ಓಯಸಿಸ್‌ನ ನಮ್ಮ ಫ್ಲ್ಯಾಟಿಗೆ ಬಂದರು.

"ಟೀಚರ್, ನಂಗೊಂದು ಕಷ್ಟ ಉಂಟು. ಮುಖ ನೆನಪಿರ್ತದೆ, ಹೆಸರು ಇರೋದಿಲ್ಲ. ನಿಮಗೆ ಎಲ್ಲರೂ ಗೊತ್ತಲ್ಲ? ಪ್ರೋಗ್ರಾಮಲ್ಲಿ ನನ್ನ ಹತ್ರ ನಿಂತು ಕಿವಿಯಲ್ಲಿ ಹೇಳಿದ್ರೆ ಸಾಕು ಮಾರಾಯ್ರೆ."

ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದ ನನಗೆ ಮಕ್ಕಳ ದೆಸೆಯಿಂದ ತಂದೆತಾಯಿಯರ ಹೆಸರು, ಊರು, ಕೆಲಸ ಎಲ್ಲ ತಿಳಿದಿದ್ದು ನಿಜ. ಆದರೂ ಅವರು ಹೋದ ಕೂಡಲೇ ನನ್ನ ಗಂಡ ಬಾಗಿಲು ಹಾಕಿ, "ಅವಂಗ ಹೆಸರು ಬೇಕಾಗಿಲ್ಲ, ಧಾರವಾಡ ಕಡಿ ಮಂದಿ ವೋಟು ಬೇಕಾಗ್ಯಾವ. ನೀ ಬಾಜೂಕ ನಿಂತ್ರ ನಾವೆಲ್ಲಾ ಅವನ ಕಡಿ ಅಂತ ಆಗ್ತದ" ಎಂದರು.

ನನಗೂ ಹಾಗೇ ಅನಿಸಿತ್ತು. ಒಪ್ಪಿಕೊಂಡದ್ದು ಬೇರೆ ಕಾರಣಕ್ಕೆ. ಆಗ ನಾನು ತರಗತಿಯಲ್ಲಿ ಪ್ರಾಚೀನ ರೋಮ್‌ನ ಪಾಠ ಮಾಡುತ್ತಿದ್ದೆ. ಅಲ್ಲಿ ಚುನಾವಣೆಗೆ ನಿಂತವನು ಸುಣ್ಣದ ಪುಡಿ ತಿಕ್ಕಿದ ಬಿಳಿಯ ಹೊದಿಕೆ ಹೊದ್ದು ಪೇಟೆಗೆ ಬರುತ್ತಿದ್ದ. ಅವನ ಪಕ್ಕದಲ್ಲಿ ಒಬ್ಬ ಗುಲಾಮ. ಎದುರು ಬಂದವನ ಹೆಸರನ್ನು ಆ ಗುಲಾಮ ಪಿಸುಗುಟ್ಟಿದರೆ, ಒಡೆಯ ಹಳೆಯ ಸ್ನೇಹಿತನಂತೆ ಹೆಸರು ಹಿಡಿದು ಕರೆದು ಕೈ ಕುಲುಕುತ್ತಿದ್ದ. ಒಮ್ಮೆ ಇದನ್ನು ತಡೆಯಲು ಕಾನೂನೇ ಬಂತು. ಅದನ್ನು ಪಾಲಿಸಿದ ಅಭ್ಯರ್ಥಿ ಒಬ್ಬನೇ ಎಂದು ಓದಿದ್ದೆ. ಹೆಸರು ಹೇಳುವ ಆ ಗುಲಾಮನಿಗೆ ಏನನಿಸುತ್ತಿತ್ತು ಎಂಬುದು ಮಾತ್ರ ನಾನು ಓದಿದ್ದರಲ್ಲಿ ಎಲ್ಲೂ ಇರಲಿಲ್ಲ. ಅವನ ಜಾಗದಲ್ಲಿ ನಿಂತು ನೋಡೋಣ ಎನಿಸಿತು.

ಬಳಗದ ಕಾರ್ಯಕ್ರಮದಲ್ಲಿ ಮೊದಲ ಸಲ ಅವರ ಪಕ್ಕ ನಿಂತಾಗಲೇ ಮುಜುಗರವಾಯಿತು. "ಹುಬ್ಬಳ್ಳಿಯವರು, ತಾಯಿಗೆ ಕಣ್ಣಿನ ಆಪರೇಷನ್ ಆಗಿದೆ" ಎಂದು ನಾನು ಮೆಲ್ಲಗೆ ಹೇಳಿದರೆ, ವ್ಯಾಪಾರಿ ಎರಡೂ ಕೈ ಚಾಚಿ, "ಅಮ್ಮ ಹೇಗಿದ್ದಾರೆ? ಕಣ್ಣು ಸರಿ ಕಾಣ್ತದಾ?" ಎನ್ನುವರು. ಕೇಳಿಸಿಕೊಂಡವರು ಆ ಕೈಗಳನ್ನು ಹಿಡಿದು ಎಲ್ಲ ಹೇಳಿಕೊಳ್ಳುತ್ತಿದ್ದರು. ಆ ಅಮ್ಮನ ಕಣ್ಣಿನ ಸುದ್ದಿಯನ್ನು ಶಾಲೆಯಲ್ಲಿ ಅವರ ಮಗು ನನಗೆ ಹೇಳಿದ್ದು ಇದಕ್ಕಾಗಿ ಅಲ್ಲ.

ಜನರೂ ಬೇಗ ಗುರುತಿಸಿದರು. ನಾನು ಹತ್ತಿರ ಹೋದರೆ ಹೆಂಗಸರ ಮಾತು ಚಟ್ನಿಪುಡಿ, ಸೀರೆಗೆ ತಿರುಗುತ್ತಿತ್ತು. ನನಗೆ ಹೇಳಿದ್ದು ಇನ್ನೊಂದು ಕಿವಿಗೆ ಹೋಗುತ್ತದೆಂದು ಅವರಿಗೆ ಗೊತ್ತಾಗಿತ್ತು. ವ್ಯಾಪಾರಿಗೂ ನನ್ನ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ. ಡಾಕ್ಟರ ಹೆಂಡತಿ ನನ್ನ ಶಾಲೆಯಲ್ಲೇ ಗಣಿತ ಕಲಿಸುತ್ತಿದ್ದರು. ಮಂಗಳೂರಿನವರು. ದಿನವೂ ಅವರ ಕಾರಿನಲ್ಲೇ ನಾನು ಶಾಲೆಗೆ ಹೋಗುತ್ತಿದ್ದೆ. "ದಾರಿಯಲ್ಲಿ ಎಂತ ಮಾತಾಡ್ತೀರಿ ನೀವಿಬ್ರು?" ಎಂದು ವ್ಯಾಪಾರಿ ನಗುತ್ತಲೇ ಕೇಳಿದ್ದರು. ಕಣ್ಣು ನಗುತ್ತಿರಲಿಲ್ಲ.

ಸಂಕ್ರಾಂತಿ ಊಟದ ದಿನ ಎಲ್ಲ ಕೆಟ್ಟಿತು. ಜುಮೇರಾ ಲೇಕ್ ಟವರ್ಸ್‌ನಲ್ಲಿ ಕೆಲಸಕ್ಕಿದ್ದ ಬೆಳಗಾವಿ ಕಡೆಯ ಎಂಜಿನಿಯರೊಬ್ಬರು ಹೆಂಡತಿಯೊಡನೆ ಬಂದರು. ಆ ವಾರವಷ್ಟೇ ಈ ಎಂಜಿನಿಯರ್ ಸುದ್ದಿಯನ್ನು ಗಣಿತದ ಟೀಚರ್ ಕಾರಿನಲ್ಲಿ ಹೇಳಿದ್ದರು. ನಾನು ಹೆಸರಿನ ಜೊತೆಗೆ, "ಪ್ರಮೋಷನ್ ಆಗಿದೆ" ಎಂದೂ ಪಿಸುಗುಟ್ಟಿದೆ. ವ್ಯಾಪಾರಿ ಎಲ್ಲರಿಗೂ ಕೇಳುವಂತೆ, "ಕಂಗ್ರಾಟ್ಸ್! ಪಾರ್ಟಿ ಯಾವಾಗ?" ಎಂದರು.

ಪಕ್ಕದಲ್ಲಿ ಎಂಜಿನಿಯರ್ ಅವರ ಆಫೀಸಿನವನೊಬ್ಬ ನಿಂತಿದ್ದ. "ಯಾವ ಪ್ರಮೋಷನ್ ಸರ್? ಹೋದ ತಿಂಗಳೇ ಅವರನ್ನ ಕೆಲಸದಿಂದ ತೆಗೆದ್ರಲ್ಲ" ಎಂದುಬಿಟ್ಟ.

ಹೆಂಡತಿ ಗಂಡನ ಮುಖ ನೋಡಿದಳು. ಆತ ಕೈಯಲ್ಲಿದ್ದ ಎಳ್ಳುಬೆಲ್ಲದ ಪೊಟ್ಟಣವನ್ನೇ ನೋಡುತ್ತ ನಿಂತ. ಇಬ್ಬರೂ ಊಟ ಮಾಡದೆ ಹೊರಟುಹೋದರು.

ಪಾರ್ಕಿಂಗ್‌ನಲ್ಲಿ ವ್ಯಾಪಾರಿ ನನ್ನನ್ನು ತಡೆದರು. "ಯಾರು ಹೇಳಿಕೊಟ್ಟದ್ದು ಇದನ್ನ? ಡಾಕ್ಟ್ರ ಹೆಂಡತಿಯಾ?"

"ಹೇಳಿಕೊಡೋದೇನ್ ಬಂತ್ರಿ? ಕೇಳಿದ್ದನ್ನ ಹೇಳಿದೆ."

"ಖಲಾಸ್ ಟೀಚರ್. ಇನ್ನು ನೀವು ಬರೋದು ಬೇಡ."

ಮನೆಗೆ ಬರುವಷ್ಟರಲ್ಲಿ ಅವರ ಅನುಮಾನ ನನ್ನೊಳಗೂ ಇಳಿದಿತ್ತು. ಸುದ್ದಿ ಬಂದದ್ದು ಗಣಿತದ ಟೀಚರ್ ಬಾಯಿಂದ. ತಮ್ಮ ಗಂಡನ ಎದುರಾಳಿಯ ಮಾನ ಕಳೆಯಲು ನನ್ನ ಬಾಯನ್ನೇ ಬಳಸಿಕೊಂಡಿದ್ದರೆ? ಮರುದಿನ ನನ್ನ ಮಗಳಿಗೆ ಜ್ವರವೆಂದು ಸುಳ್ಳು ಹೇಳಿ ಟ್ಯಾಕ್ಸಿಯಲ್ಲಿ ಹೋದೆ. ಆಮೇಲೂ ಒಂದಲ್ಲ ಒಂದು ನೆಪ. ಸ್ಟಾಫ್ ರೂಮಿನಲ್ಲಿ ಅವರು ಫೋನ್ ಹಿಡಿದು ನಕ್ಕರೂ ನನ್ನ ಬಗ್ಗೆಯೇ ಎನಿಸುತ್ತಿತ್ತು.

ವಾರ ಕಳೆಯುವಷ್ಟರಲ್ಲಿ ಎಂಜಿನಿಯರ್ ಹೆಂಡತಿ ಒಬ್ಬಳೇ ಮನೆಗೆ ಬಂದಳು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ ತಡೆದಳು.

"ನಿಮ್ದೇನ್ ತಪ್ಪೈತಿ ಅಕ್ಕಾರ? ಪ್ರಮೋಷನ್ ಆಗೇತಿ ಅಂತ ನಮ್ಮ ಮನಿಯವ್ರ ನನಗ ಹೇಳಿದ್ರು. ನಾನ ಖುಷಿಲೆ ಆ ಗಣಿತದ ಟೀಚರ್‌ಗೆ ಫೋನ್ ಹಚ್ಚಿ ಹೇಳಿದೆ. ದಿನಾ ಮುಂಜಾನೆ ಟೈ ಕಟ್ಕೊಂಡು ಹೋಗ್ತಿದ್ರು, ಹೆಂಗ ಅನುಮಾನ ಬರಬೇಕ್ರಿ?" ಚಹಾದ ಕಪ್ಪನ್ನು ಮುಟ್ಟದೆ ಕೂತಿದ್ದಳು. "ಕೆಲಸ ಇವತ್ತಿಲ್ಲ ನಾಳೆ ಸಿಗ್ತೈತಿ. ಈಗ ಅವ್ರು ತರಕಾರಿ ತರ್ತೀನಿ ಅಂದ್ರೂ ನಾ ಕಿಡಕ್ಯಾಗ ನಿಂತು ನೋಡ್ತೀನಿ, ಎತ್ತಾಗ ಹೊಂಟ್ರು ಅಂತ."

ಮರುದಿನ ನಾನು ಗಣಿತದ ಟೀಚರ್ ಕಾರು ಹತ್ತಿದೆ.

"ನನ್ನ ಮೇಲೆ ಡೌಟ್ ಬಂತಾ ನಿಮಗೆ?" ಎಂದರು ಅವರು.

"ಬಂತು."

"ನಂಗೂ ನಿಮ್ಮ ಮೇಲೆ ಇತ್ತು. ಅದಕ್ಕೇ ಕಾರಲ್ಲಿ ಎಲೆಕ್ಷನ್ ಸುದ್ದಿ ತೆಗೀಲೇ ಇಲ್ಲ, ನೋಡಿ."

ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಮುಂದೆ ಚುನಾವಣೆಯಲ್ಲಿ ವ್ಯಾಪಾರಿಯೇ ಗೆದ್ದರು. ಎಂಜಿನಿಯರ್‌ಗೆ ಅಬುಧಾಬಿಯಲ್ಲಿ ಕೆಲಸ ಸಿಕ್ಕಿ, ಸಂಸಾರ ಅಲ್ಲಿಗೆ ಹೋಯಿತು. ಆ ಬೆಳಿಗ್ಗೆ ಮಾತ್ರ, ಕಾರು ಸಿಗ್ನಲ್ಲಿನಲ್ಲಿ ನಿಂತಾಗ ನಾವಿಬ್ಬರು, ಇಷ್ಟು ದಿನ ಒಬ್ಬರಿಗೊಬ್ಬರು ಏನೇನು ಮುಚ್ಚಿಟ್ಟೆವೆಂದು ಹೇಳಿಕೊಳ್ಳತೊಡಗಿದೆವು. ಎಲ್ಲವನ್ನೂ ಹೇಳಿದೆವೆಂದು ಇಂದಿಗೂ ನಾನು ನಂಬಿಲ್ಲ.