ಬಾಯ್ಲರಿನ ಮುಳ್ಳು ಇಳಿದ ದಿನ

ನನಗೆ ಆಗ ಅರವತ್ತೊಂಬತ್ತು. ಈಗ ಐದು ವರ್ಷವಾಯಿತು. ಅದಕ್ಕೆ ಮೊದಲು ಇಂಥ ಕಥೆಗಳನ್ನು ನಾನು ನಂಬಿದವಳಲ್ಲ. ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಚಾ ಕುಡಿಯುತ್ತಾ ಯಾರಾದರೂ ಸತ್ತವರ ಕಾಲ ಸಪ್ಪಳ ಕೇಳಿದೆ ಎಂದರೆ, ಡಾಕ್ಟರಿಗೆ ಕಿವಿ ತೋರಿಸಿಕೊಂಡು ಬಾ ಎನ್ನುತ್ತಿದ್ದೆ. ನಾನು ಓದಿದ್ದು ಮೂರನೇ ಕ್ಲಾಸು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ನನ್ನ ಗಂಡ ಬಹರೈನಿನಲ್ಲಿ ಇಪ್ಪತ್ತು ವರ್ಷ ಪೈಪ್ ಕೆಲಸ ಮಾಡಿದವರು. ಆಸ್ಟ್ರೇಲಿಯಾದ ಪರ್ತಿನಲ್ಲಿ ಮಗ ರೋಶನ್‌ನ ಮನೆಯಲ್ಲಿದ್ದಾಗ ಇವರಿಗೆ ಪಾರ್ಶ್ವವಾಯು ಬಡಿಯಿತು. ಮಾತು ಹೋಯಿತು, ಕೈಕಾಲು ಬಿದ್ದುಹೋದವು. ಮಗಳು ಐರಿನ್ ನರ್ಸ್ ಆದ್ದರಿಂದ ಅವಳೊಟ್ಟಿಗೆ ಇರಲು ಅಡಿಲೇಡಿಗೆ ಬಂದೆವು. ಗುಡ್ಡದ ಮೇಲೆ ಹಳೆಯ ಕಲ್ಲಿನ ಬಾಡಿಗೆ ಮನೆ. ಇವರನ್ನು ಸ್ಟ್ರೆಚರಿನಲ್ಲಿ ಒಳಗೆ ತಂದು ಮಲಗಿಸಿದ್ದು. ತಮ್ಮ ಕೋಣೆ ಬಿಟ್ಟು ಆ ಮನೆಯ ಇನ್ನೊಂದು ಕೋಣೆಯನ್ನು ಇವರು ನೋಡಿದವರಲ್ಲ.

ಆ ಮನೆಯನ್ನು ಬೆಚ್ಚಗಿಡುವುದು ಅಡುಗೆಮನೆಯ ಬಾಯ್ಲರ್. ಅದು ನೀರು ಕಾಯಿಸಿ ಪೈಪಿನಲ್ಲಿ ಕೋಣೆ ಕೋಣೆಯ ಗೋಡೆಗೆ ಹಾಕಿದ ಕಬ್ಬಿಣದ ರೇಡಿಯೇಟರಿಗೆ ಕಳುಹಿಸುತ್ತದೆ. ಒಳಗಿನ ಒತ್ತಡ ತೋರಿಸಲು ಗಡಿಯಾರದ ಹಾಗೆ ಒಂದು ಮುಳ್ಳು. ಮುಳ್ಳು ಹಸಿರು ಪಟ್ಟಿಯಲ್ಲಿರಬೇಕು. ಸೊನ್ನೆಗೆ ಇಳಿದರೆ ಬಾಯ್ಲರ್ ತಾನೇ ನಿಂತುಬಿಡುತ್ತದೆ.

ಜುಲೈ ತಿಂಗಳು, ಅಲ್ಲಿ ಅದು ಕಡು ಚಳಿಗಾಲ. ಇವರು ಎದೆಯ ಸೋಂಕಿನಿಂದ ಆಸ್ಪತ್ರೆಯಲ್ಲಿದ್ದು ಬಂದು ನಾಲ್ಕು ದಿನ. ಕೋಣೆ ತಣ್ಣಗಾದರೆ ಇನ್ನೊಂದು ಸಲ ಉಳಿಯುವುದು ಕಷ್ಟ ಎಂದು ಡಾಕ್ಟರ್ ನನ್ನ ಎದುರಿಗೇ ಹೇಳಿದ್ದರು. ಐರಿನ್ ಕೆಲಸಕ್ಕೆ ಹೋಗಿದ್ದಳು. ಬೆಳಗ್ಗಿನಿಂದ ಗಾಳಿಮಳೆ. ಮಧ್ಯಾಹ್ನ ಅವಳ ಫೋನು ಬಂತು: ಗುಡ್ಡದ ರಸ್ತೆಗೆ ಮರ ಬಿದ್ದಿದೆ, ತೆಗೆಯುವವರೆಗೆ ಆಂಬುಲೆನ್ಸೂ ಮೇಲೆ ಬರುವುದಿಲ್ಲ. ಫೋನಿಟ್ಟು ನೋಡುತ್ತೇನೆ, ಮುಳ್ಳು ಸೊನ್ನೆಯಲ್ಲಿದೆ.

ಬಾಯ್ಲರಿನ ಕೆಳಗಿನ ನಲ್ಲಿ ತಿರುಗಿಸಿ ನೀರು ತುಂಬಿಸಿದೆ. ಅರ್ಧ ಗಂಟೆಗೆ ಮತ್ತೆ ಸೊನ್ನೆ. ರೋಶನ್‌ಗೆ ವಿಡಿಯೋ ಕಾಲ್ ಮಾಡಿದೆ.

"ಮಮ್ಮಿ, ಫೋನನ್ನು ಮುಳ್ಳಿಗೆ ಹಿಡಿ. ನನಗೆ ನಿನ್ನ ಮೂಗು ಮಾತ್ರ ಕಾಣ್ತದೆ."

"ಕಂಡಿತಾ? ಈಗ ಹೇಳು, ನೀರು ಎಲ್ಲಿ ಹೋಗ್ತದೆ?"

"ಎಲ್ಲೋ ಲೀಕ್ ಉಂಟು. ಪ್ರತಿ ರೇಡಿಯೇಟರಿನ ಅಡಿಗೆ ಟಿಶ್ಯೂ ಇಡು. ಯಾವುದು ಒದ್ದೆ ಆಗ್ತದೋ ಅದೇ."

ಐದು ರೇಡಿಯೇಟರಿನ ಅಡಿಗೂ ಇಟ್ಟೆ. ಐದೂ ಒಣಗಿಯೇ ಇದ್ದವು. ಹೆಚ್ಚಾದ ನೀರು ಹೊರಗೆ ಬೀಳುವ ಪೈಪಿನ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಲು ಹೇಳಿದ. ಮಳೆಯಲ್ಲಿ ನೆನೆದುಕೊಂಡು ಕಟ್ಟಿದೆ. ಚೀಲದೊಳಗೆ ಒಂದು ಹನಿ ಇಲ್ಲ.

"ಇನ್ನು ತುಂಬಿಸಬೇಡ ಮಮ್ಮಿ. ನೀರು ನೆಲದಡಿ ವೈರಿಗೆ ಹೋದರೆ ಮತ್ತೂ ಕಷ್ಟ."

"ನಿನ್ನ ಡ್ಯಾಡಿಯ ಉಗುರು ನೀಲಿ ಆಗ್ತಾ ಉಂಟು. ನೀನು ಪರ್ತಿನಲ್ಲಿ ಕೂತು ವೈರಿನ ಚಿಂತೆ ಮಾಡು," ಎಂದು ಫೋನಿಟ್ಟೆ.

ಬಾಯ್ಲರಿನ ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ, ಬರುವುದು ಮರುದಿನ ಎಂದಿದ್ದ. ಪಕ್ಕದ ಮನೆಯವರು ಚಳಿಗೆ ಹೆದರಿ ಬೆಚ್ಚಗಿನ ಊರು ಬ್ರಿಸ್ಬೇನಿಗೆ ಹೋಗಿದ್ದರು. ಕರೆಂಟಿನ ಹೀಟರ್ ಹಚ್ಚಿದರೆ ಫ್ಯೂಸ್ ಹಾರುತ್ತಿತ್ತು. ಒಲೆಯಲ್ಲಿ ನೀರು ಕಾಯಿಸಿ ಬಾಟಲಿಗಳಿಗೆ ತುಂಬಿಸಿ ಇವರ ಬದಿಗೆ ಇಟ್ಟೆ, ಇದ್ದ ಕಂಬಳಿಯೆಲ್ಲ ಹೊದಿಸಿದೆ. ಉಸಿರು ಗರಗಸದ ಹಾಗೆ ಎಳೆಯುತ್ತಿತ್ತು. ಹೊರಗೆ ಕತ್ತಲಾಗತೊಡಗಿತ್ತು. ಅಡುಗೆಮನೆಗೆ ಹೋಗಿ ಬಾಯ್ಲರಿನ ಎದುರು ನೆಲಕ್ಕೆ ಕೂತೆ. ಪ್ರಾರ್ಥನೆ ಬಾಯಿಗೆ ಬರಲಿಲ್ಲ. ಬೈಗುಳ ಬಂತು. ಅದನ್ನೇ ದೇವರಿಗೆ ಒಪ್ಪಿಸಿದೆ.

ಆಗ ಪೈಪಿನಲ್ಲಿ ಬಡಿದ ಸದ್ದು ಕೇಳಿತು. ಎರಡು ಒಟ್ಟಿಗೆ, ಸ್ವಲ್ಪ ಬಿಟ್ಟು ಒಂದು.

ಆ ಬಡಿತ ನನಗೆ ಗೊತ್ತು. ಬಹರೈನಿನಲ್ಲಿ ಇವರು ಕೆಲಸ ಮಾಡುತ್ತಿದ್ದ ಕಟ್ಟಡದಲ್ಲೇ ನಾನು ನೆಲ ಒರೆಸುತ್ತಿದ್ದೆ. ಒಂದು ಮಾಳಿಗೆಯವರು ಇನ್ನೊಂದು ಮಾಳಿಗೆಯವರನ್ನು ಸ್ಪ್ಯಾನರಿನಲ್ಲಿ ಪೈಪಿಗೆ ಬಡಿದು ಕರೆಯುವುದು. ಎರಡು ಮತ್ತು ಒಂದು ಎಂದರೆ, ಸೋರುವುದು ಇಲ್ಲಿ, ಬಾ.

ಇವರ ಕೋಣೆಗೆ ಓಡಿದೆ. ಎರಡು ಕೈಯೂ ಕಂಬಳಿಯೊಳಗೆ ನಾನು ಇಟ್ಟ ಹಾಗೇ ಇದ್ದವು. ಕಣ್ಣು ತೆರೆದಿತ್ತು. ರೇಡಿಯೇಟರ್ ಮಂಜಿನಷ್ಟು ತಣ್ಣಗೆ. ಮತ್ತೆ ಬಡಿಯಿತು, ಈ ಸಲ ಪಡಸಾಲೆಯ ಕೊನೆಯಲ್ಲಿ. ಅಲ್ಲಿ ಮನೆ ಯಜಮಾನನ ಹಳೆಯ ಸಾಮಾನು ತುಂಬಿದ ಕೋಣೆ. ನಾವು ಅದರೊಳಗೆ ಕಾಲಿಟ್ಟಿರಲಿಲ್ಲ. ಬಾಗಿಲು ನೂಕಿ ಪೆಟ್ಟಿಗೆಗಳನ್ನು ಒಂದೊಂದಾಗಿ ಎಳೆದೆ. ಅದರ ಹಿಂದೆ ಗೋಡೆಯಲ್ಲಿ ಆರನೆಯ ರೇಡಿಯೇಟರ್. ಅದರ ವಾಲ್ವಿನ ಬುಡ ಒದ್ದೆ. ಸೋರಿದ್ದೆಲ್ಲ ಹಲಗೆಯ ಸಂದಿನಿಂದ ನೆಲದಡಿಯ ಮಣ್ಣಿಗೆ ಇಳಿದು ಹೋಗಿತ್ತು.

ಇವರ ಮಂಚದ ಅಡಿಗೆ ಇಟ್ಟಿದ್ದ ಹಳೆಯ ಕೆಲಸದ ಪೆಟ್ಟಿಗೆಯಿಂದ ಸ್ಪ್ಯಾನರ್ ತಂದು ಎರಡು ಬದಿಯ ವಾಲ್ವನ್ನೂ ಬಿಗಿದೆ. ನೀರು ತುಂಬಿಸಿದೆ. ಬಾಯ್ಲರ್ ಹೊತ್ತಿಕೊಂಡಿತು. ಗಂಟೆಯಾದರೂ ಮುಳ್ಳು ಇಳಿಯಲಿಲ್ಲ. ಕೋಣೆ ಬೆಚ್ಚಗಾಯಿತು, ಇವರ ಉಗುರಿನ ಬಣ್ಣ ತಿರುಗಿತು.

ಹೌದು ಎನ್ನಬೇಕಾದರೆ ಇವರು ಒಮ್ಮೆ ಕಣ್ಣು ಮುಚ್ಚಿ ತೆರೆಯುತ್ತಿದ್ದರು. ಪಕ್ಕದಲ್ಲಿ ಕೂತು ಕೇಳಿದೆ.

"ಬಡಿದದ್ದು ನೀವಾ?"

ಕಣ್ಣು ಮುಚ್ಚಲಿಲ್ಲ.

"ನಿಮಗೂ ಕೇಳಿತಾ?"

ಮುಚ್ಚಿ ತೆರೆದರು.

"ಯಾರು ಅಂತ ಗೊತ್ತುಂಟಾ?"

ಮುಚ್ಚಿದರು. ಮತ್ತೆ ತೆರೆಯಲಿಲ್ಲ. ಹೆದರಿ ಮೂಗಿನ ಹತ್ತಿರ ಕೈ ಹಿಡಿದು ನೋಡಿದೆ. ನಿದ್ದೆ ಹೋಗಿದ್ದರು. ಅದು ಹೌದೋ, ಬರೀ ನಿದ್ದೆಯೋ, ನನಗೆ ಇವತ್ತಿಗೂ ತಿಳಿಯದು.

ಪೈಪು ತಣ್ಣಗಾಗುವಾಗ ಸದ್ದು ಮಾಡುತ್ತದೆ ಎಂದು ರೋಶನ್ ಹೇಳುತ್ತಾನೆ. ಮಾಡುತ್ತದೆ, ನನಗೂ ಗೊತ್ತು. ಆದರೆ ಬಾಯ್ಲರ್ ನಿಂತು ಎರಡು ಗಂಟೆ ಕಳೆದಿತ್ತು, ಪೈಪು ಆಗಲೇ ತಣ್ಣಗಾಗಿತ್ತು. ನನ್ನ ತಲೆ ಕೆಟ್ಟಿತ್ತು ಎಂದರೂ ಆದೀತು. ಹಾಗಾದರೆ ಇವರಿಗೆ ಹೇಗೆ ಕೇಳಿತು? ಆಮೇಲೆ ಇವರು ಮೂರು ವರ್ಷ ಇದ್ದರು. ಇನ್ನೊಮ್ಮೆ ಕೇಳಲು ನನಗೆ ಧೈರ್ಯ ಬರಲಿಲ್ಲ.

ಆ ರಾತ್ರಿ ಕಳೆದು ಬೆಳಿಗ್ಗೆ ಇವರು ಕಣ್ಣು ತೆರೆದಾಗ, ಬಡಿದದ್ದು ಯಾರು ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಗಂಜಿ ಬಿಸಿ ಮಾಡಿ ತಂದೆ. ಒಂದು ಚಮಚ ಬಾಯಿಗಿಟ್ಟು, "ಉಪ್ಪು ಸಾಕಾ?" ಎಂದು ಕೇಳಿದೆ.